ಶ್ರೀಗಂಧದ ಗಿಡ ಸೊರಗಿದಾಗ: ಪಕ್ಕದ ಗಿಡದಿಂದ ತಪಾಸಣೆ ಆರಂಭಿಸಿ

ಶ್ರೀಗಂಧದ ಗಿಡ ಹಳದಿಯಾದರೆ ಅಥವಾ ಅದರ ಬೆಳವಣಿಗೆ ನಿಂತರೆ ಹೆಚ್ಚಿನ ಬೆಳೆಗಾರರು ಮೊದಲು ಗೊಬ್ಬರದ ಅಂಗಡಿಯ ಕಡೆ ಹೊರಡುತ್ತಾರೆ. ಉಳಿದ ಬೆಳೆಗಳಿಗೆ ಈ ಕ್ರಮ ಸ್ವಲ್ಪಮಟ್ಟಿಗೆ ಸರಿಹೋಗಬಹುದು, ಆದರೆ ಶ್ರೀಗಂಧದ ಮಟ್ಟಿಗೆ ಇದು ತಪಾಸಣೆಯನ್ನು ಕೊನೆಯಿಂದ ಆರಂಭಿಸಿದಂತೆ. ಏಕೆಂದರೆ ಶ್ರೀಗಂಧ ಅರೆ ಪರಾವಲಂಬಿ ಸಸ್ಯ. ಅದರ ಎಲೆ ಹಸಿರಾಗಿದ್ದು ಬಿಸಿಲಿನಲ್ಲಿ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆದರೆ ನೀರು, ಸಾರಜನಕ ಹಾಗೂ ಇತರ ಖನಿಜಗಳ ದೊಡ್ಡ ಪಾಲನ್ನು ಪಕ್ಕದ ಗಿಡದ ಬೇರಿಗೆ ತನ್ನ ಬೇರನ್ನು ಅಂಟಿಸಿ, ಅಲ್ಲಿಂದ ಹೀರಿಕೊಳ್ಳುತ್ತದೆ. ಹೀಗೆ ಅಂಟಿಕೊಳ್ಳುವ ಪುಟ್ಟ ಅಂಗಕ್ಕೆ ಸಸ್ಯಶಾಸ್ತ್ರದಲ್ಲಿ ಹಾಸ್ಟೋರಿಯಂ ಎನ್ನುತ್ತಾರೆ. ಇಲ್ಲಿ ಅದನ್ನು ಹೀರುಬೇರು ಎಂದು ಕರೆಯೋಣ. ಶ್ರೀಗಂಧದ ಈ ಸ್ವಭಾವವನ್ನು ಜಾನ್ ಸ್ಕಾಟ್ 1871ರಲ್ಲೇ ಗುರುತಿಸಿದ್ದರು. ಶ್ರೀಗಂಧ ಆಶ್ರಯಿಸಬಲ್ಲ ಸಸ್ಯಗಳ ಪಟ್ಟಿಯಲ್ಲಿ ಈಗ 300ಕ್ಕೂ ಹೆಚ್ಚು ಜಾತಿಗಳಿವೆ.

ಆದ್ದರಿಂದ ಗಂಧದ ಗಿಡದಲ್ಲಿ ಕಾಣುವ ಲಕ್ಷಣದ ಕಾರಣ ಬಹಳ ಸಲ ಪಕ್ಕದಲ್ಲಿರುವ ಆಸರೆ ಗಿಡದಲ್ಲಿ, ಅಥವಾ ಎರಡೂ ಗಿಡಗಳ ಬೇರು ಸೇರುವ ಜಾಗದಲ್ಲಿ ಇರುತ್ತದೆ. ಮುಂದಿನ ತಪಾಸಣೆಗಳನ್ನು ಖರ್ಚಿಲ್ಲದ ಕ್ರಮಗಳಿಂದ ಆರಂಭಿಸಿ, ಪ್ರಯೋಗಾಲಯದ ನೆರವು ಬೇಕಾಗುವ ಹಂತದವರೆಗೆ ಜೋಡಿಸಲಾಗಿದೆ. ತಪಾಸಣೆ ಮುಗಿಯುವವರೆಗೆ ಯೂರಿಯಾ, ಸಿಂಪರಣೆ ಎರಡನ್ನೂ ತಡೆಹಿಡಿಯಿರಿ. ಒಮ್ಮೆ ಗೊಬ್ಬರ ಕೊಟ್ಟುಬಿಟ್ಟರೆ ಕೆಲವು ವಾರಗಳ ಕಾಲ ಎಲೆಯ ಬಣ್ಣ ನಿಜ ಹೇಳುವುದಿಲ್ಲ.

ಇಡೀ ಗಿಡ ತಿಳಿಹಳದಿಯಾಗಿದೆ, ಹೊಸ ಚಿಗುರು ಬರುತ್ತಿಲ್ಲ

ಅತಿ ಹೆಚ್ಚಾಗಿ ಕಾಣುವ ದೂರು ಇದು. ಗಿಡದ ಹತ್ತಿರ ಹೋಗುವ ಮೊದಲು ಅದರ ಸುತ್ತ ಐದಾರು ಅಡಿ ದೂರದಲ್ಲಿ ಒಂದು ಸುತ್ತು ಹಾಕಿ, ಜೀವಂತ ಆಸರೆ ಗಿಡ ಯಾವುದಿದೆ ಎಂದು ನೋಡಿ. ನಾಟಿಯ ಸಮಯದಲ್ಲಿ ಪಕ್ಕದಲ್ಲಿ ಬಿತ್ತಿದ ತೊಗರಿ ಒಂದೆರಡು ವರ್ಷದಲ್ಲಿ ಒಣಗುವುದು ಸಹಜ. ಅಷ್ಟರೊಳಗೆ ಸರ್ವೆ, ಹೊಂಗೆ, ಅಗಸೆ ಮರ, ಹೆಬ್ಬೇವು, ನೆಲ್ಲಿ ಅಥವಾ ಕರಿಬೇವಿನಂತಹ ಬಹುಕಾಲದ ಆಸರೆಗೆ ಗಂಧದ ಬೇರು ತಲುಪಿರದಿದ್ದರೆ ಗಿಡ ಉಪವಾಸ ಬೀಳುತ್ತದೆ. ತೊಗರಿ ಒಣಗಿದ ಕೆಲವು ವಾರಗಳಲ್ಲೇ ಗಂಧ ಹಳದಿಗೆ ತಿರುಗಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಂತೆ.

ಎರಡನೆಯ ಪ್ರಶ್ನೆ ಕಳೆಗೆ ಸಂಬಂಧಿಸಿದ್ದು. ಇತ್ತೀಚೆಗೆ ತೋಟವನ್ನು ಉಳುಮೆ ಮಾಡಿ ಬೋಳಾಗಿಸಿದ್ದೀರಾ, ಅಥವಾ ಕಳೆನಾಶಕ ಹೊಡೆದಿದ್ದೀರಾ? ನೆಟ್ಟ ಆಸರೆ ಗಿಡ ಸತ್ತುಹೋದ ತೋಟಗಳಲ್ಲಿ ಗಂಧವನ್ನು ಬದುಕಿಸಿಟ್ಟಿರುವುದು ಎಷ್ಟೋ ಬಾರಿ ಸುತ್ತಲಿನ ಹುಲ್ಲು ಮತ್ತು ಪೊದೆ. ಅದನ್ನು ಒಮ್ಮೆಗೇ ತೆಗೆದುಬಿಟ್ಟರೆ ಗಿಡಕ್ಕೆ ಇದ್ದ ಕೊನೆಯ ಸಂಪರ್ಕವೂ ಕಡಿದುಹೋಗುತ್ತದೆ, ಮೇಲಾಗಿ ಉಳುಮೆಯ ಗುಳ ಮೇಲ್ಮಣ್ಣಿನಲ್ಲಿರುವ ಹೀರುಬೇರುಗಳನ್ನೂ ಹರಿದುಹಾಕುತ್ತದೆ. ‘ತೋಟ ಚೊಕ್ಕಟವಾಗಿರಬೇಕು’ ಎಂಬ ಆಸೆ ಶ್ರೀಗಂಧದ ವಿಷಯದಲ್ಲಿ ದುಬಾರಿಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಕಾಂಡದ ಬುಡದ ಸುತ್ತ ಒಂದಡಿ ಬಿಟ್ಟು ಉಳಿದ ಹುಲ್ಲನ್ನು ಕೊಯ್ದು ಅಲ್ಲೇ ಹಾಸಿದರೆ ಸಾಕು. ಕಳೆನಾಶಕವನ್ನಂತೂ ಗಂಧದ ಬೇರು ಹರಡಿರುವ ಜಾಗದಲ್ಲಿ ಬಳಸಲೇಬಾರದು, ಏಕೆಂದರೆ ಕಳೆಯ ಬೇರಿಗೆ ಇಳಿಯುವ ವಿಷಕ್ಕೂ ಗಂಧದ ಬೇರಿಗೂ ನಡುವೆ ಗೋಡೆ ಇರುವುದಿಲ್ಲ.

ಮೂರನೆಯದು ನೀರು. ಹನಿ ನೀರಾವರಿಯಲ್ಲಿ ಗಂಧದ ಬುಡಕ್ಕೆ ಮಾತ್ರ ಡ್ರಿಪ್ಪರ್ ಇಟ್ಟು ಆಸರೆ ಗಿಡವನ್ನು ಒಣನೆಲದಲ್ಲಿ ಬಿಟ್ಟಿರುವ ತೋಟಗಳು ಕಡಿಮೆಯಿಲ್ಲ. ಬೇಸಿಗೆಯಲ್ಲಿ ಆಸರೆ ಗಿಡ ಎಲೆ ಉದುರಿಸಿ ನಿಂತಿದ್ದರೆ ಅದರಿಂದ ಹೀರಲು ಗಂಧಕ್ಕೆ ಏನೂ ಸಿಗುವುದಿಲ್ಲ. ಒಂದು ಡ್ರಿಪ್ಪರನ್ನು ಆಸರೆ ಗಿಡದ ಬುಡಕ್ಕೆ ಸರಿಸಿ ಎರಡು ಮೂರು ವಾರ ಕಾಯಿರಿ. ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ.

ಈ ಮೂರರಲ್ಲೂ ದೋಷ ಕಾಣದಿದ್ದರೆ ಬೇರನ್ನೇ ನೋಡಬೇಕು. ಗಂಧ ಮತ್ತು ಆಸರೆ ಗಿಡಗಳ ನಡುವಿನ ಜಾಗದಲ್ಲಿ, ಒಂದೇ ಬದಿಯಲ್ಲಿ, ಮಣ್ಣು ತೇವವಾಗಿರುವಾಗ ಸಣ್ಣ ಕುರುಪಿಯಿಂದ ಮೇಲ್ಮಣ್ಣನ್ನು ನಿಧಾನವಾಗಿ ಸರಿಸಿ. ಬೇರನ್ನು ಎಳೆಯಬೇಡಿ, ನೀರು ಹನಿಸುತ್ತ ಬೆರಳಿನಿಂದ ಮಣ್ಣು ಬಿಡಿಸಿ. ಅರ್ಧ ಅಡಿಯಿಂದ ಒಂದಡಿ ಆಳದಲ್ಲಿ ಗಂಧದ ತೆಳುಬೇರು ಬೇರೊಂದು ಬೇರನ್ನು ಮುಟ್ಟುವ ಕಡೆ ಬಿಳಿ ಅಥವಾ ತಿಳಿಕಂದು ಬಣ್ಣದ, ಗಂಟೆಯಾಕಾರದ ಸಣ್ಣ ಉಬ್ಬು ಆಸರೆ ಬೇರನ್ನು ಅಪ್ಪಿಕೊಂಡಿದ್ದರೆ ಅದು ಹೀರುಬೇರು. ಕಾಳಿನಷ್ಟು ಗಾತ್ರದ ಇಂತಹ ಉಬ್ಬುಗಳು ಹಲವಾರು ಕಂಡುಬಂದು, ಒತ್ತಿದಾಗ ಗಟ್ಟಿಯಾಗಿ ತಾಜಾ ಇದ್ದರೆ ಸಂಪರ್ಕ ಸರಿಯಾಗಿದೆ ಎಂದು ತಿಳಿಯಬಹುದು. ಅವು ಕಪ್ಪಾಗಿ ಸುಕ್ಕುಗಟ್ಟಿದ್ದರೆ, ಅಥವಾ ಒಂದೂ ಕಾಣದಿದ್ದರೆ ಹಳದಿಯ ಕಾರಣ ತಿಳಿದಂತಾಯಿತು.

ಇಲ್ಲಿ ಮೂರು ಬಗೆಯ ಗಂಟುಗಳನ್ನು ಒಂದಕ್ಕೊಂದು ತಪ್ಪಾಗಿ ಗುರುತಿಸುವ ಸಾಧ್ಯತೆ ಇದೆ. ತೊಗರಿ, ಅಗಸೆಯಂತಹ ದ್ವಿದಳ ಗಿಡಗಳ ಬೇರಿನ ಮೇಲಿರುವ ಸಾರಜನಕದ ಗಂಟುಗಳು ಬೇರಿನ ಬದಿಗೆ ಅಂಟಿಕೊಂಡಿರುತ್ತವೆ, ಉಗುರಿನಿಂದ ತಳ್ಳಿದರೆ ಸುಲಭವಾಗಿ ಕಳಚಿಬರುತ್ತವೆ, ಹಿಸುಕಿದರೆ ಒಳಗೆ ನಸುಗೆಂಪು ಬಣ್ಣ ಕಾಣುತ್ತದೆ. ಅವು ಒಳ್ಳೆಯ ಲಕ್ಷಣ. ಬೇರುಗಂಟು ಜಂತುಹುಳುವಿನ ಬಾಧೆಯಲ್ಲಿ ಬೇರೇ ಅಲ್ಲಲ್ಲಿ ದಪ್ಪವಾಗಿ ಊದಿಕೊಂಡಿರುತ್ತದೆ, ಗಂಟನ್ನು ಬೇರಿನಿಂದ ಬೇರ್ಪಡಿಸಲು ಬರುವುದಿಲ್ಲ. ಅದು ಕೆಟ್ಟ ಲಕ್ಷಣ, ನರ್ಸರಿಯಿಂದಲೇ ಬಂದಿರುವ ಸಾಧ್ಯತೆಯೂ ಉಂಟು. ಎರಡು ಬೇರುಗಳ ನಡುವೆ ಸೇತುವೆಯಂತೆ ಕುಳಿತಿರುವುದು ಹೀರುಬೇರು ಮಾತ್ರ. ಶ್ರೀಗಂಧ ತನ್ನದೇ ಬೇರಿಗೂ ಹೀರುಬೇರನ್ನು ಅಂಟಿಸುವುದುಂಟು, ಅದನ್ನು ನೋಡಿ ಸಮಾಧಾನಪಡಬೇಡಿ. ಇನ್ನೊಂದು ತುದಿ ಯಾವ ಗಿಡದ್ದು ಎಂಬುದನ್ನು ಖಚಿತಪಡಿಸಿಕೊಂಡ ನಂತರ ಮಣ್ಣು ಮುಚ್ಚಿ ನೀರು ಹಾಕಿ.

ಸಂಪರ್ಕ ಇಲ್ಲವೆಂದು ತಿಳಿದ ಮೇಲೆ ಪರಿಹಾರವನ್ನು ಎರಡು ಹಂತದಲ್ಲಿ ಮಾಡಬೇಕಾಗುತ್ತದೆ. ತಕ್ಷಣಕ್ಕೆ ಗಂಧದ ಬುಡದಿಂದ ಒಂದಡಿ ದೂರದಲ್ಲಿ ತೊಗರಿ ಬೀಜ ಬಿತ್ತಿ, ಇಲ್ಲವೆ ಹೊನಗೊನೆಯ ಕಡ್ಡಿಗಳನ್ನು ಊರಿ. ಇವು ಬೇಗ ಬೇರೂರುವುದರಿಂದ ಕೆಲವು ತಿಂಗಳಲ್ಲಿ ಗಿಡದ ಬಣ್ಣ ತಿರುಗುತ್ತದೆ. ಅದೇ ಮಳೆಗಾಲದಲ್ಲಿ ಐದಾರು ಅಡಿ ದೂರಕ್ಕೆ ಬಹುಕಾಲದ ಆಸರೆಯನ್ನೂ ನೆಡಬೇಕು. ಅದು ಬೆಳೆಯಲು ಸಮಯ ಹಿಡಿಯುತ್ತದೆ, ಆದರೆ ಅದನ್ನು ಮುಂದಿನ ವರ್ಷಕ್ಕೆ ಬಿಟ್ಟರೆ ಇದೇ ಹಳದಿ ಮತ್ತೆ ಮರಳುತ್ತದೆ. ಈ ಅವಧಿಯಲ್ಲಿ ಕೊಟ್ಟಿಗೆ ಗೊಬ್ಬರ ಕೊಡುವುದಿದ್ದರೆ ಆಸರೆ ಗಿಡಕ್ಕೂ ಕೊಡಿ, ಅದಕ್ಕೆ ಹಾಕಿದ್ದರಲ್ಲಿ ಒಂದು ಪಾಲು ಗಂಧಕ್ಕೆ ಬಂದೇ ಬರುತ್ತದೆ.

ನಾಟಿ ಮಾಡಿದ ಕೆಲವೇ ತಿಂಗಳಲ್ಲಿ ಸಸಿ ಒಣಗುತ್ತದೆ

ಬೀಜದೊಳಗಿನ ಆಹಾರ ಮುಗಿಯುವವರೆಗೆ ಶ್ರೀಗಂಧದ ಸಸಿ ಆಸರೆಯಿಲ್ಲದೆಯೂ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ನರ್ಸರಿಯ ನೆರಳಿನಲ್ಲಿ ಹಸಿರಾಗಿದ್ದ ಸಸಿ ತೋಟಕ್ಕೆ ಬಂದು ಕುಸಿದರೆ, ಅದು ಚೀಲದಲ್ಲಿ ಒಂಟಿಯಾಗಿ ಬೆಳೆದಿತ್ತೇ ಎಂದು ಕೇಳಿ ತಿಳಿಯಿರಿ. ಕೊಳ್ಳುವಾಗಲೇ ಒಂದೇ ಚೀಲದಲ್ಲಿ ಗಂಧದ ಜೊತೆ ತೊಗರಿ ಅಥವಾ ಹೊನಗೊನೆ ಇರುವ ಸಸಿಯನ್ನು ಆರಿಸಬೇಕು. ಆ ಜೊತೆಗಾರನನ್ನು ಕಳೆ ಎಂದು ಭಾವಿಸಿ ನೆಡುವಾಗ ಕಿತ್ತುಹಾಕುವ ಕೆಲಸಗಾರರಿಗೆ ಮೊದಲೇ ಎಚ್ಚರಿಕೆ ಹೇಳಿ. ಜೊತೆಗಾರ ಸಸಿಯನ್ನು ಮೀರಿ ಬೆಳೆದು ನೆರಳು ಮಾಡುತ್ತಿದ್ದರೆ ತುದಿ ಕತ್ತರಿಸಿ, ಬೇರು ಕೀಳಬೇಡಿ.

ಸಸಿಯ ಕಾಂಡ ಮಣ್ಣಿನ ಮಟ್ಟದಲ್ಲಿ ನೀರು ತುಂಬಿದಂತೆ ಮೆತ್ತಗಾಗಿ ಕುಸಿದಿದ್ದರೆ ಅದು ಶಿಲೀಂಧ್ರದ ಸಸಿ ಕೊಳೆರೋಗ. ಇಲ್ಲಿ ಆಸರೆಯ ಚರ್ಚೆ ಬೇಡ. ನೀರು ಕಡಿಮೆ ಮಾಡಿ, ಸತ್ತ ಸಸಿಗಳನ್ನು ತೆಗೆದು ದೂರ ಹಾಕಿ, ಉಳಿದವುಗಳ ಬುಡಕ್ಕೆ ಒಂದು ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಸುರಿಯಿರಿ. ಔಷಧ ಬೆರೆಸುವಾಗ ಕೈಗವಸು ಮತ್ತು ಮುಖಗವಸು ಕಡ್ಡಾಯ.

ಹೊಸ ಎಲೆ ಮಾತ್ರ ಹಳದಿ, ನರಗಳು ಹಸಿರು

ಆಸರೆಯ ಕೊರತೆಯಿಂದ ಬರುವ ಸಾರಜನಕದ ಹಸಿವಿನಲ್ಲಿ ಹಳೆಯ ಎಲೆಗಳು ಮೊದಲು ಬಣ್ಣ ಕಳೆದುಕೊಳ್ಳುತ್ತವೆ. ಇದಕ್ಕೆ ವಿರುದ್ಧವಾಗಿ ತುದಿಯ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆಯನ್ನು ಶಂಕಿಸಬೇಕು. ಸುಣ್ಣದ ಅಂಶ ಹೆಚ್ಚಿರುವ ಕಪ್ಪು ಮಣ್ಣಿನಲ್ಲಿ ಇದು ಸಾಮಾನ್ಯ. ಒಂದೆರಡು ಗಿಡಕ್ಕೆ ಮಾತ್ರ, ಲೀಟರ್ ನೀರಿಗೆ 5 ಗ್ರಾಂ ಕಬ್ಬಿಣದ ಸಲ್ಫೇಟ್ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಸಂಜೆಯ ಹೊತ್ತು ಸಿಂಪಡಿಸಿ ನೋಡಿ. ಎರಡು ವಾರದಲ್ಲಿ ಎಲೆ ಹಸಿರಾದರೆ ಊಹೆ ಸರಿ, ಆಗ ಮಣ್ಣು ಪರೀಕ್ಷೆ ಮಾಡಿಸಿ ಮುಂದಿನ ಕ್ರಮ ನಿರ್ಧರಿಸಿ.

ಮಳೆಗಾಲದಲ್ಲಿ, ನೀರು ಸಾಕಷ್ಟಿದ್ದರೂ ಗಿಡ ಬಾಡುತ್ತದೆ

ಶ್ರೀಗಂಧ ಬರವನ್ನು ಒಂದು ಮಟ್ಟಿಗೆ ತಡೆಯುತ್ತದೆ, ಬುಡದಲ್ಲಿ ನಿಂತ ನೀರನ್ನು ತಡೆಯುವುದಿಲ್ಲ. ಬಾಡಿದ ಗಿಡದ ಪಕ್ಕದಲ್ಲಿ ಒಂದೂವರೆ ಅಡಿ ಗುಣಿ ತೋಡಿ, ಮಳೆ ನಿಂತ ಮರುದಿನವೂ ಅದರಲ್ಲಿ ನೀರು ಉಳಿದಿದ್ದರೆ ಬಸಿಗಾಲುವೆ ತೆಗೆಯುವುದೊಂದೇ ದಾರಿ. ಬೇಸಿಗೆಗೆಂದು ಮಾಡಿದ ಪಾತಿಯನ್ನು ಮಳೆಗಾಲದಲ್ಲಿ ಒಡೆಯದೆ ಬಿಡುವುದೂ ಇದೇ ತೊಂದರೆ ತರುತ್ತದೆ. ಬೇರು ಕಪ್ಪಾಗಿ ಕೆಟ್ಟ ವಾಸನೆ ಬರುತ್ತಿದ್ದರೆ ಆ ಗಿಡ ಉಳಿಯುವ ಭರವಸೆ ಕಡಿಮೆ. ಪಕ್ಕದ ಗಿಡಗಳನ್ನು ಉಳಿಸಿಕೊಳ್ಳುವತ್ತ ಗಮನ ಕೊಡಿ.

ಗಂಧ ಚೆನ್ನಾಗಿದೆ, ಪಕ್ಕದ ಗಿಡ ಸೊರಗುತ್ತಿದೆ

ದೋಷ ಎಂದು ಯಾರೂ ಗುರುತಿಸದ ದೋಷ ಇದು. ನೆಲ್ಲಿ, ದಾಳಿಂಬೆ, ಕರಿಬೇವುಗಳನ್ನು ಆದಾಯಕ್ಕೂ ಆಗಲಿ, ಆಸರೆಗೂ ಆಗಲಿ ಎಂದು ನೆಟ್ಟವರು ಕೆಲವು ವರ್ಷಗಳ ನಂತರ ಇಳುವರಿ ಕುಸಿಯಿತೆಂದು ಆ ಗಿಡಗಳಿಗೆ ರೋಗ ಹುಡುಕುತ್ತಾರೆ. ಎರಡು ಮೂರು ಗಂಧದ ಮರಗಳ ನಡುವೆ ಒಂದೇ ಆಸರೆ ಇದ್ದರೆ ಅದು ಬಡವಾಗುವುದು ನಿರೀಕ್ಷಿತವೇ. ಆಸರೆ ಗಿಡಕ್ಕೆ ಪ್ರತ್ಯೇಕವಾಗಿ ನೀರು, ಗೊಬ್ಬರ ಕೊಡಿ, ಮತ್ತು ಗಂಧದ ಇನ್ನೊಂದು ಬದಿಗೆ ಬೇರೆ ಜಾತಿಯ ಆಸರೆಯೊಂದನ್ನು ಸೇರಿಸಿ. ಸೊರಗಿದ ಆಸರೆಯನ್ನು ಕಡಿದುಹಾಕಬೇಡಿ, ಅದು ಸತ್ತ ಮೇಲೆ ಸರದಿ ಗಂಧದ್ದು.

ಇದಕ್ಕೆ ತದ್ವಿರುದ್ಧದ ಚಿತ್ರವೂ ಉಂಟು. ಹೆಬ್ಬೇವಿನಂತಹ ವೇಗದ ಆಸರೆ ಮೇಲೇರಿ ಬಿಸಿಲನ್ನೆಲ್ಲ ತಡೆದಾಗ ಗಂಧದ ಕಾಂಡ ತೆಳ್ಳಗೆ ಉದ್ದವಾಗಿ ಬೆಳೆದು ಒಂದು ಕಡೆಗೆ ವಾಲುತ್ತದೆ. ಎಳೆಯದರಲ್ಲಿ ಅರೆನೆರಳು ಬೇಕಾದ ಈ ಗಿಡಕ್ಕೆ ಮುಂದೆ ಬಿಸಿಲು ಬೇಕು. ಆಸರೆಯ ಕೊಂಬೆಗಳನ್ನು ವರ್ಷಕ್ಕೊಮ್ಮೆ ಸವರಿದರೆ ಸಾಕಾಗುತ್ತದೆ.

ಒಂದೇ ಕೊಂಬೆ ಒಣಗುತ್ತಿದೆ, ಉಳಿದ ಮರ ಹಸಿರಾಗಿದೆ

ಆಸರೆಯ ಕೊರತೆ ಇಡೀ ಗಿಡವನ್ನು ಬಾಧಿಸುತ್ತದೆ. ಒಂದೇ ಕೊಂಬೆಗೆ ಸೀಮಿತವಾದ ಒಣಗುವಿಕೆಗೆ ಸಾಮಾನ್ಯವಾಗಿ ಕಾಂಡಕೊರಕ ಕಾರಣ. ಬುಡದ ನೆಲದ ಮೇಲೆ ಉರುಟಾದ ಸಣ್ಣ ಹಿಕ್ಕೆಗಳು ಬಿದ್ದಿದ್ದರೆ ಮೇಲೆ ಎಲ್ಲೋ ರಂಧ್ರವಿದೆ. ತೊಗಟೆಯ ಮೇಲೆ ಹಿಕ್ಕೆ ಮತ್ತು ಬಲೆ ಸೇರಿ ಪಟ್ಟಿಯಂತೆ ಅಂಟಿಕೊಂಡಿದ್ದರೆ ಅದು ತೊಗಟೆ ತಿನ್ನುವ ಹುಳು. ತೆಳುವಾದ ತಂತಿಯನ್ನು ರಂಧ್ರದೊಳಗೆ ತೂರಿಸಿ ಹುಳುವನ್ನು ಕೊಲ್ಲಬಹುದು. ಸಿಗದಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ತುರುಕಿ ಹಸಿಮಣ್ಣಿನಿಂದ ಮುಚ್ಚಿ. ಆ ಹೊತ್ತಿನಲ್ಲಿ ಬೀಡಿ, ಬೆಂಕಿಪೊಟ್ಟಣ ಹತ್ತಿರ ಇರಕೂಡದು. ಮುಖ್ಯ ಕಾಂಡದಲ್ಲೇ ಹಲವು ರಂಧ್ರಗಳಿದ್ದರೆ ನೀವೇ ಕೆದಕುವುದನ್ನು ನಿಲ್ಲಿಸಿ ತಜ್ಞರನ್ನು ಕರೆಸಿ, ಏಕೆಂದರೆ ಮರದ ಬೆಲೆಯೆಲ್ಲ ಇರುವುದು ಒಳಗಿನ ಚೇಗಿನಲ್ಲಿ. ಚೇಗು ಕೂಡಿದೆಯೇ ಎಂದು ನೋಡಲು ಕಾಂಡಕ್ಕೆ ರಂಧ್ರ ಕೊರೆಯುವ ಅಭ್ಯಾಸ ಹುಳುವಿಗೂ ಶಿಲೀಂಧ್ರಕ್ಕೂ ಬಾಗಿಲು ತೆರೆಯುತ್ತದೆ, ಅದನ್ನು ಮಾಡಬೇಡಿ.

ಕೊಂಬೆಯ ನಡುವೆ ಬೇರೆಯೇ ಬಗೆಯ ದಪ್ಪ ಎಲೆಗಳ ಗೊಂಚಲು ಕಂಡರೆ ಅದು ಬಂದಳಿಕೆ. ಮಾವು, ಸಪೋಟ ಮರಗಳ ಮೇಲೆ ಕಾಣುವ ಈ ಬಂದಳಿಕೆಯೂ ಶ್ರೀಗಂಧದಂತೆ ಹಸಿರೆಲೆಯ ಅರೆ ಪರಾವಲಂಬಿಯೇ. ನೆಲದಡಿಯಲ್ಲಿ ಇನ್ನೊಬ್ಬರ ಬೇರನ್ನು ಹೀರುವ ಗಂಧವನ್ನು ಮೇಲಿನಿಂದ ಇನ್ನೊಂದು ಹೀರುತ್ತಿರುತ್ತದೆ. ಅದರ ಅಂಟಂಟಾದ ಬೀಜವನ್ನು ಸಣ್ಣ ಹಕ್ಕಿಗಳು ಕೊಂಬೆಗೆ ಒರೆಸಿ ಹರಡುತ್ತವೆ. ಬಂದಳಿಕೆಯನ್ನು ಕೈಯಿಂದ ಕಿತ್ತರೆ ಉಳಿದ ತುಣುಕು ಮತ್ತೆ ಚಿಗುರುತ್ತದೆ. ಆದ್ದರಿಂದ ಹಣ್ಣಾಗುವ ಮೊದಲೇ, ಅದು ಅಂಟಿದ ಜಾಗದಿಂದ ಒಂದಡಿ ಕೆಳಗೆ ಕೊಂಬೆಯನ್ನೇ ಕತ್ತರಿಸಬೇಕು. ಅದು ಮುಖ್ಯ ಕಾಂಡಕ್ಕೇ ಅಂಟಿದ್ದರೆ ಕಾಂಡ ಕಡಿಯಲು ಹೋಗದೆ, ಬಂದಳಿಕೆಯ ಚಿಗುರನ್ನು ಆಗಾಗ ಸವರುತ್ತಿರಿ.

ಎಲೆ ಪುಟ್ಟದಾಗಿದೆ, ಒತ್ತೊತ್ತಾಗಿ ನೆಟ್ಟಗೆ ನಿಂತಿದೆ

ಈ ಲಕ್ಷಣ ಕಂಡಲ್ಲಿ ಮನೆಯ ತಪಾಸಣೆ ಮುಗಿಯುತ್ತದೆ. ಇದು ಸ್ಪೈಕ್ ರೋಗವಾಗಿರಬಹುದು. 1899ರಲ್ಲಿ ಕೊಡಗಿನಲ್ಲಿ ಮೊದಲ ಬಾರಿಗೆ ವರದಿಯಾದ ಈ ರೋಗ ಮೈಸೂರು ಸೀಮೆಯ ಗಂಧದ ಕಾಡುಗಳಲ್ಲಿ ಅಪಾರ ಹಾನಿ ಮಾಡಿತು. ವೈರಸ್ ಎಂದೇ ಬಹುಕಾಲ ನಂಬಲಾಗಿತ್ತು, 1969ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಬೇರೆ ಬಗೆಯ ಜೀವಿ ಕಂಡುಬಂತು. ಈಗ ಅದನ್ನು ಫೈಟೋಪ್ಲಾಸ್ಮಾ ಎಂದು ಕರೆಯುತ್ತಾರೆ. ಕೋಶಭಿತ್ತಿಯಿಲ್ಲದ ಈ ಸೂಕ್ಷ್ಮಜೀವಿಯನ್ನು ರಸ ಹೀರುವ ಜಿಗಿಹುಳುಗಳು ಮರದಿಂದ ಮರಕ್ಕೆ ಒಯ್ಯುತ್ತವೆ.

ಹಸಿವಿನಿಂದ ಸೊರಗಿದ ಗಿಡಕ್ಕೂ ಸ್ಪೈಕ್ ತಗುಲಿದ ಗಿಡಕ್ಕೂ ಇರುವ ವ್ಯತ್ಯಾಸವನ್ನು ಚೆನ್ನಾಗಿ ನೋಡಿ ಕಲಿಯಬೇಕು. ಹಸಿದ ಗಿಡದಲ್ಲಿ ಎಲೆ ವಿರಳವಾಗುತ್ತದೆ, ಹಳದಿಯಾಗಿ ಉದುರುತ್ತದೆ, ಕೊಂಬೆ ಬರಿದಾಗುತ್ತದೆ. ಸ್ಪೈಕ್ ರೋಗದಲ್ಲಿ ಎಲೆಗಳ ನಡುವಿನ ಗೆಣ್ಣಿನಂತರ ಕುಗ್ಗುತ್ತ ಹೋಗಿ, ಪ್ರತಿ ಹೊಸ ಎಲೆ ಹಿಂದಿನದಕ್ಕಿಂತ ಚಿಕ್ಕದಾಗುತ್ತದೆ. ಗಡುಸಾದ ಆ ಪುಟ್ಟ ಎಲೆಗಳು ಕೊಂಬೆಯ ಸುತ್ತ ಹೊರಚಾಚಿ ನಿಂತು ಕೊಂಬೆ ತೆನೆಯಂತೆ ಕಾಣುತ್ತದೆ. ಸಾಮಾನ್ಯವಾಗಿ ಒಂದೆರಡು ಕೊಂಬೆಗಳಲ್ಲಿ ಆರಂಭವಾಗಿ ಇಡೀ ಮರಕ್ಕೆ ಹರಡುತ್ತದೆ, ಹೂ ಕಾಯಿ ನಿಲ್ಲುತ್ತವೆ. ನೆಲದಡಿಯಲ್ಲಿ ಬೇರಿನ ತುದಿಗಳೂ ಹೀರುಬೇರುಗಳೂ ಸಾಯುತ್ತವೆ. ಹಾಗಾಗಿ ಬೇರು ತೋಡಿ ನೋಡಿದವರಿಗೆ ‘ಸಂಪರ್ಕ ಇಲ್ಲ’ ಎಂಬ ಅದೇ ದೃಶ್ಯ ಸಿಗಬಹುದು. ಬೇರಿನ ಸಾಕ್ಷ್ಯ ಆಸರೆಯ ಕೊರತೆಯತ್ತ ಬೆರಳು ತೋರಿದರೂ ಎಲೆಯ ಆಕಾರ ಹೀಗಿದ್ದರೆ ಎಲೆಯನ್ನೇ ನಂಬಿ. ಲಕ್ಷಣ ಕಂಡ ಎರಡು ಮೂರು ವರ್ಷಗಳಲ್ಲಿ ಮರ ಸಾಯುತ್ತದೆ.

ಇದನ್ನು ವಾಸಿ ಮಾಡುವ ಔಷಧ ಇಲ್ಲ. ಕಾಂಡಕ್ಕೆ ಟೆಟ್ರಾಸೈಕ್ಲಿನ್ ಚುಚ್ಚಿದಾಗ ಲಕ್ಷಣ ಕೆಲಕಾಲ ಮರೆಯಾದ ಪ್ರಯೋಗಗಳಿವೆ, ಆದರೆ ರೋಗ ಮರಳುತ್ತದೆ. ಈ ಪ್ರತಿಜೀವಕವನ್ನು ತೋಟದಲ್ಲಿ ಸ್ವಂತವಾಗಿ ಬಳಸಬಾರದು. ಶಂಕಿತ ಮರಕ್ಕೆ ಬಣ್ಣದ ಗುರುತು ಹಾಕಿ, ಆ ತೋಟದಿಂದ ಬೀಜ, ಸಸಿ, ಕಸಿಕಡ್ಡಿ ಹೊರಗೆ ಕೊಡುವುದನ್ನು ನಿಲ್ಲಿಸಿ, ಖಚಿತ ಪರೀಕ್ಷೆಗೆ ವ್ಯವಸ್ಥೆ ಮಾಡಿ.

ಯಾವಾಗ, ಯಾರ ಬಳಿ ಹೋಗಬೇಕು

ಸ್ಪೈಕ್‌ನ ಶಂಕೆ, ಮುಖ್ಯ ಕಾಂಡದ ಕೊರಕ, ಆಸರೆ ಸರಿಪಡಿಸಿ ಒಂದು ಮಳೆಗಾಲ ಕಳೆದರೂ ಬದಲಾಗದ ಹಳದಿ, ಅಥವಾ ಒಂದೇ ಸಾಲಿನಲ್ಲಿ ಹಲವು ಮರಗಳು ಒಟ್ಟಿಗೆ ಒಣಗುವುದು, ಈ ನಾಲ್ಕರಲ್ಲಿ ಯಾವುದಿದ್ದರೂ ಕಾಯಬೇಡಿ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಶ್ರೀಗಂಧದ ಮೇಲೆ ದೀರ್ಘಕಾಲದಿಂದ ಸಂಶೋಧನೆ ನಡೆಸುತ್ತ ಬಂದಿದೆ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರವೂ ದಾರಿ ತೋರಿಸಬಲ್ಲದು. ಹೋಗುವಾಗ ಬಾಧಿತ ಮತ್ತು ಆರೋಗ್ಯವಂತ ಮರಗಳ ಕೊಂಬೆಗಳನ್ನು ಬೇರೆಬೇರೆಯಾಗಿ ಕಾಗದದಲ್ಲಿ ಸುತ್ತಿ, ಬೇರಿನ ತುಣುಕು, ಒಂದು ಹಿಡಿ ಮಣ್ಣು ಮತ್ತು ಆಸರೆ ಗಿಡಗಳ ಫೋಟೋಗಳನ್ನು ಒಯ್ಯಿರಿ. ಗಂಧದ ಗಿಡದ ಫೋಟೋ ಮಾತ್ರ ಒಯ್ದರೆ ಅವರು ಕೇಳುವ ಮೊದಲ ಪ್ರಶ್ನೆಗೇ ನಿಮ್ಮಲ್ಲಿ ಉತ್ತರ ಇರುವುದಿಲ್ಲ.

ಸತ್ತ ಮರವನ್ನು ಏನು ಮಾಡಬೇಕೆಂಬುದು ಬೇರೆಯೇ ವಿಷಯ. 1792ರಲ್ಲಿ ಟಿಪ್ಪು ಸುಲ್ತಾನ್ ರಾಜವೃಕ್ಷವೆಂದು ಘೋಷಿಸಿದಂದಿನಿಂದ ಶ್ರೀಗಂಧ ಸರ್ಕಾರದ ಹಿಡಿತದಲ್ಲಿತ್ತು. 2001ರ ಕಾಯ್ದೆ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಜಮೀನಿನ ಒಡೆಯನೇ ಮರದ ಒಡೆಯನಾದರೂ ಕಡಿಯಲು ಮತ್ತು ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ರೋಗದಿಂದ ಒಣಗಿದ ಮರವೆಂಬ ಕಾರಣಕ್ಕೆ ನೀವೇ ಕಡಿಯಬೇಡಿ, ಬೇರನ್ನೂ ಕೀಳಬೇಡಿ. ಮರ ನಿಂತಿರುವಂತೆಯೇ ದಿನಾಂಕ ಸಹಿತ ಫೋಟೋ ತೆಗೆದು, ಸರ್ವೆ ನಂಬರ್ ನಮೂದಿಸಿ ವಲಯ ಅರಣ್ಯಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗಂಧದ ಮರಗಳ ಸಂಖ್ಯೆ ಪಹಣಿಯಲ್ಲಿ ಇನ್ನೂ ನಮೂದಾಗಿರದಿದ್ದರೆ ಆ ಕೆಲಸವನ್ನೂ ಮುಗಿಸಿಕೊಳ್ಳಿ.